ರೇಷ್ಮೆಹುಳುವಿನಲ್ಲಿ ಹೆಣ್ಣು–ಗಂಡಿನ ಗಾತ್ರಭೇದ: ಅದು ಹುಟ್ಟುವ ಹೊತ್ತು, ಹುಟ್ಟುವ ಬಗೆ

ಕೀಟಗಳಲ್ಲಿ ಸಾಮಾನ್ಯವಾಗಿ ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಮಳೆಗಾಲದ ಹಸಿರಿನಲ್ಲಿ ದೊಡ್ಡ ಮಿಡತೆಯ ಬೆನ್ನೇರಿ ಕೂತ ಪುಟ್ಟ ಮಿಡತೆಯನ್ನು ಅನೇಕರು ಮರಿಯೆಂದು ತಿಳಿಯುತ್ತಾರೆ. ಅದು ಮರಿಯಲ್ಲ, ಪೂರ್ತಿ ಬೆಳೆದ ಗಂಡು. ಅರಗಿನ ಕೀಟದಲ್ಲಿ ಈ ಅಂತರ ಇನ್ನೂ ವಿಪರೀತ: ಹೆಣ್ಣು ಕಾಲನ್ನೂ ಕಳೆದುಕೊಂಡು ಕೊಂಬೆಗೆ ಅಂಟಿದ ಉಂಡೆಯಾಗುತ್ತದೆ, ಗಂಡು ಅದರ ಮುಂದೆ ಒಂದು ಚುಕ್ಕಿ. ಕೊಂಬಿನಿಂದ ಕಾದಾಡುವ ಹಲವು ದುಂಬಿಗಳಲ್ಲಿ ಗಂಡೇ ದೊಡ್ಡದು ಎಂಬುದು ನಿಜ. ಆದರೆ ಒಟ್ಟು ಲೆಕ್ಕದಲ್ಲಿ ಅವು ಅಪವಾದಗಳೇ.

ಈ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಹೆಣ್ಣು ದೊಡ್ಡದಾಗಿರುವುದು ಏಕೆ ಎಂಬುದು ಒಂದು. ಒಂದೇ ತಾಯಿಯ ಮೊಟ್ಟೆಗಳಿಂದ ಒಂದೇ ದಿನ ಹೊರಬಂದು, ಒಂದೇ ತಟ್ಟೆಯಲ್ಲಿ ಒಂದೇ ಸೊಪ್ಪು ತಿಂದ ಹುಳುಗಳಲ್ಲಿ ಕೆಲವು ಹೇಗೆ ದೊಡ್ಡದಾಗುತ್ತವೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. ಎರಡನೆಯದಕ್ಕೆ ಉತ್ತರ ಹೆಣೆದುಕೊಳ್ಳುತ್ತಿರುವುದು ಇತ್ತೀಚೆಗೆ. ಈ ಟಿಪ್ಪಣಿಯ ಕಾಳಜಿ ಎರಡನೆಯದು. ಅದಕ್ಕೆ ನಾನು ಆರಿಸಿಕೊಂಡಿರುವ ಜೀವಿ ನಮ್ಮ ಹಿಪ್ಪುನೇರಳೆ ರೇಷ್ಮೆಹುಳು, ಬಾಂಬಿಕ್ಸ್ ಮೋರಿ. ಹೆಣ್ಣು–ಗಂಡಿನ ತೂಕದ ಅಂತರವನ್ನು ದಿನನಿತ್ಯದ ಕಸುಬಿನಲ್ಲಿ ಬಳಸಿಕೊಂಡ ಕೀಟಗಳು ಬಹಳ ಇಲ್ಲ. ಇದು ಅಂಥದ್ದೊಂದು.

ಡಾರ್ವಿನ್ 1871ರ ‘ದಿ ಡಿಸೆಂಟ್ ಆಫ್ ಮ್ಯಾನ್’ ಗ್ರಂಥದಲ್ಲಿ ಕೀಟಗಳ ಗಾತ್ರಭೇದವನ್ನು ಚರ್ಚಿಸುವಾಗ ಇದೇ ಹುಳುವನ್ನು ನೆನೆಯುತ್ತಾನೆ. ಹೆಣ್ಣು ಗೂಡು, ಗಂಡು ಗೂಡುಗಳ ತೂಕ ಎಷ್ಟು ಬೇರೆ ಎಂದರೆ ಫ್ರಾನ್ಸಿನಲ್ಲಿ ಅವನ್ನು ತೂಗಿಯೇ ಬೇರ್ಪಡಿಸುತ್ತಾರೆ ಎಂದು ಅವನು ದಾಖಲಿಸಿದ್ದಾನೆ. ಹೆಣ್ಣು ಬಹಳಷ್ಟು ಮೊಟ್ಟೆಗಳನ್ನು ಹೊರಬೇಕು, ಆದ್ದರಿಂದ ದೊಡ್ಡದು ಎಂಬುದು ಅವನು ಕೊಟ್ಟ ಕಾರಣ. ಜೊತೆಗೆ ಇನ್ನೊಂದು ಸೂಕ್ಷ್ಮ ಮಾತನ್ನೂ ಸೇರಿಸಿದ್ದಾನೆ: ಗಂಡು ಹೆಣ್ಣಿಗಿಂತ ಮೊದಲೇ ಸಿದ್ಧವಾಗಿರಬೇಕಾದ್ದರಿಂದ ಅದಕ್ಕೆ ಬೆಳೆಯಲು ಕಡಿಮೆ ಕಾಲ ಸಿಗುತ್ತದೆ. ಮೊದಲ ಕಾರಣಕ್ಕೆ ಬಲವಾದ ಅಂಕಿಅಂಶದ ಆಧಾರ ಒದಗಿದ್ದು 1993ರಲ್ಲಿ. ಝೆಕ್ ವಿಜ್ಞಾನಿ ಅಲೋಯಿಸ್ ಹೊನೆಕ್ ಹಲವಾರು ಪ್ರಭೇದಗಳ ಮಾಹಿತಿಯನ್ನು ಒಟ್ಟುಗೂಡಿಸಿ, ಹೆಣ್ಣಿನ ಮೈತೂಕ ಏರಿದಂತೆ ಮೊಟ್ಟೆಗಳ ಸಂಖ್ಯೆಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ ಎಂದು ತೋರಿಸಿದ. ರೇಷ್ಮೆಚಿಟ್ಟೆಗೆ ಈ ನಿಯಮ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಗೂಡಿನಿಂದ ಹೊರಬಂದ ಚಿಟ್ಟೆ ಏನನ್ನೂ ತಿನ್ನುವುದಿಲ್ಲ. ಅದು ಇಡುವ ನಾನೂರು, ಐನೂರು ಮೊಟ್ಟೆಗಳ ಅಷ್ಟೂ ಸಾರ ಹುಳುವಾಗಿದ್ದಾಗ ತಿಂದ ಸೊಪ್ಪಿನಿಂದಲೇ ಬರಬೇಕು.

ಆದರೆ ಈ ಉತ್ತರ ಒಂದು ತೊಡಕನ್ನು ಬಿಟ್ಟುಹೋಗುತ್ತದೆ. ಗಂಡು ಮತ್ತು ಹೆಣ್ಣು ಬಹುಪಾಲು ಒಂದೇ ವಂಶವಾಹಿಗಳನ್ನು ಹಂಚಿಕೊಂಡಿವೆ. ಬೆಳವಣಿಗೆಯನ್ನು ನಿಯಂತ್ರಿಸುವ ವಂಶವಾಹಿಗಳೂ ಅದರಲ್ಲಿ ಸೇರಿವೆ. ದೊಡ್ಡ ಹೆಣ್ಣುಗಳಿಗೆ ಆಯ್ಕೆಯ ಅನುಕೂಲ ದೊರೆತರೆ ಅವುಗಳ ಗಂಡುಮಕ್ಕಳೂ ದೊಡ್ಡವಾಗಬೇಕು. ಚಿಕ್ಕ ಗಂಡುಗಳಿಗೆ ಅನುಕೂಲ ದೊರೆತರೆ ಅವುಗಳ ಹೆಣ್ಣುಮಕ್ಕಳೂ ಕುಗ್ಗಬೇಕು. ರಸೆಲ್ ಲ್ಯಾಂಡೆ 1980ರಲ್ಲಿ ಈ ತೊಡಕಿಗೆ ಗಣಿತದ ರೂಪ ಕೊಟ್ಟು, ಹೀಗೆ ಪರಸ್ಪರ ಕಟ್ಟಿಹಾಕಿಕೊಂಡ ಗುಣಗಳಲ್ಲಿ ಲಿಂಗಭೇದ ಬಹಳ ನಿಧಾನವಾಗಿ ವಿಕಾಸಗೊಳ್ಳುತ್ತದೆ ಎಂದು ತೋರಿಸಿದ. ಹಾಗಿದ್ದೂ ಗಾತ್ರಭೇದ ಎಲ್ಲೆಲ್ಲೂ ಕಾಣುತ್ತದೆ. ಕಟ್ಟು ಎಲ್ಲೋ ಸಡಿಲವಾಗಿದೆ ಎಂದಾಯಿತು. ಎಲ್ಲಿ ಎಂದು ಹುಡುಕಲು ಬೆಳೆದ ಕೀಟವನ್ನು ಅಳೆದರೆ ಸಾಲದು, ಹುಳುವಿನ ಹಂತಕ್ಕೇ ಹೋಗಬೇಕು.

ಹುಳುವಿಗೆ ಹೋಗುವ ಮುನ್ನ ಗೂಡನ್ನು ನೋಡೋಣ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೆ ಬಂದ ಗೂಡಿನ ಒಂದು ತುದಿಯನ್ನು ಬ್ಲೇಡಿನಿಂದ ಕೊಯ್ದು ಪ್ಯೂಪಾವನ್ನು ಅಂಗೈಗೆ ಸುರಿದುಕೊಳ್ಳುತ್ತಾರೆ. ಕೊಯ್ಯುವವರ ಕೈ ತೂಕದಲ್ಲೇ ಅರ್ಧ ಗುರುತಿಸುತ್ತದೆ, ಉಳಿದರ್ಧ ಕಣ್ಣಿನ ಕೆಲಸ. ಪ್ಯೂಪಾವನ್ನು ಮಗುಚಿ ಹೊಟ್ಟೆಯ ಕೊನೆಯ ಭಾಗ ನೋಡಿದರೆ ಹೆಣ್ಣಿನಲ್ಲಿ ಎಂಟನೇ ಖಂಡದ ಮೇಲೆ ಗುಣಾಕಾರ ಚಿಹ್ನೆಯಂಥ ಗೆರೆ ಕಾಣುತ್ತದೆ. ಗಂಡಿನಲ್ಲಿ ಒಂಬತ್ತನೇ ಖಂಡದ ನಡುವೆ ಒಂದೇ ಒಂದು ಚುಕ್ಕೆ. ಹೆಣ್ಣಿನ ಹೊಟ್ಟೆ ಅಗಲ, ತುದಿ ಮೊಂಡು, ಗಂಡಿನದು ಸಪೂರ. ಮೈಸೂರು ತಳಿಯ ಹೆಣ್ಣನ್ನು ದ್ವಿತಳಿಯ (ವರ್ಷಕ್ಕೆ ಎರಡು ಪೀಳಿಗೆಯ ತಳಿಯ) ಗಂಡಿನೊಂದಿಗೆ ಕೂಡಿಸಿ ಮಿಶ್ರತಳಿ ಮೊಟ್ಟೆ ಪಡೆಯಬೇಕಾದರೆ ಚಿಟ್ಟೆ ಹೊರಬರುವ ಮೊದಲೇ ಈ ವಿಂಗಡಣೆ ಮುಗಿದಿರಬೇಕು. ಇಲ್ಲವಾದರೆ ಹೊರಬಂದ ಕೂಡಲೇ ಚಿಟ್ಟೆಗಳು ತಮ್ಮದೇ ತಳಿಯೊಳಗೆ ಕೂಡಿಬಿಡುತ್ತವೆ.

ತೂಕದ ಅಂತರ ಸಣ್ಣದಲ್ಲ. ಸಿಎಸ್‌ಆರ್‌ 2ರಂಥ ದ್ವಿತಳಿಯಲ್ಲಿ ಚೆನ್ನಾಗಿ ಸಾಕಿದ ಹೆಣ್ಣು ಗೂಡು 2 ಗ್ರಾಂ ಆಸುಪಾಸಿನಲ್ಲಿದ್ದರೆ ಗಂಡು ಗೂಡು ಒಂದೂವರೆ ಗ್ರಾಮಿನ ಹತ್ತಿರ ನಿಲ್ಲುತ್ತದೆ. ಗೂಡಿನ ಸಿಪ್ಪೆಯ ತೂಕದಲ್ಲಿ ಮಾತ್ರ ಇಷ್ಟು ಅಂತರವಿಲ್ಲ. ಆದ್ದರಿಂದ ಒಟ್ಟು ತೂಕದಲ್ಲಿ ಸಿಪ್ಪೆಯ ಶೇಕಡಾ ಪಾಲು ಗಂಡಿನಲ್ಲೇ ಹೆಚ್ಚು. ಹೆಣ್ಣಿನ ಹೆಚ್ಚುವರಿ ತೂಕ ರೇಷ್ಮೆಯಲ್ಲಿಲ್ಲ, ಒಳಗಿನ ಪ್ಯೂಪಾದಲ್ಲಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಈಗ ಹುಳುವಿಗೆ ಬರೋಣ. ಮೊಟ್ಟೆಯೊಡೆದಾಗ ಅರ್ಧ ಮಿಲಿಗ್ರಾಂ ಕೂಡ ತೂಗದ ಹುಳು, ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ, ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ನಾಲ್ಕೈದು ಗ್ರಾಂ ಮುಟ್ಟುತ್ತದೆ. ಸುಮಾರು ಹತ್ತು ಸಾವಿರ ಪಟ್ಟು ಬೆಳವಣಿಗೆ. ಆದರೆ ಈ ಬೆಳವಣಿಗೆ ದಿನಗಳಿಗೆ ಸಮನಾಗಿ ಹಂಚಿಲ್ಲ. ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಹೋಗುತ್ತದೆ. ಸಾಕಣೆದಾರರಿಗೆ ಇದು ಚೆನ್ನಾಗಿ ಗೊತ್ತು. ಆ ವಾರದಲ್ಲಿ ಸೊಪ್ಪು ಕಡಿಮೆಯಾದರೆ ಬೆಳೆ ಹೋದಂತೆಯೇ. ಹೆಣ್ಣು–ಗಂಡಿನ ಅಂತರ ಕಣ್ಣಿಗೆ ಕಾಣುವಷ್ಟು ತೆರೆದುಕೊಳ್ಳುವುದೂ ಇದೇ ವಾರದಲ್ಲಿ. ಚಾಕಿ (ಎಳೆಯ) ಹುಳುಗಳನ್ನು ತೂಗಿ ಲಿಂಗ ಹೇಳಲು ಸಾಧ್ಯವಿಲ್ಲ. ಐದನೇ ಹಂತದಲ್ಲಿ ಹುಳುವನ್ನು ಅಂಗಾತ ಮಲಗಿಸಿ ಹಿಂಭಾಗ ನೋಡಿದರೆ, ಹೆಣ್ಣಿನಲ್ಲಿ ಹಾಲುಬಿಳುಪಿನ ಎರಡು ಜೋಡಿ ಚುಕ್ಕೆಗಳು, ಇಶಿವಾಟ ಗ್ರಂಥಿಗಳು, ತೋರುತ್ತವೆ. ಗಂಡಿನಲ್ಲಿ ಒಂದೇ ಚುಕ್ಕೆ, ಹೆರಾಲ್ಡ್ ಗ್ರಂಥಿ. ಹೀಗೆ ಗುರುತಿಸಿ ತೂಗುತ್ತ ಹೋದರೆ ಹೆಣ್ಣಿನ ತೂಕ ದಿನೇದಿನೇ ಮುಂದೆ ಹೋಗುವುದು ಕಾಣುತ್ತದೆ. ಕೊನೆಗೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವಾಗ ಮೊದಲು ಹಣ್ಣಾಗುವ ಹುಳುಗಳಲ್ಲಿ ಗಂಡುಗಳೇ ಹೆಚ್ಚು, ಹೆಣ್ಣುಗಳು ಇನ್ನೂ ಕೆಲವು ಗಂಟೆ ತಿನ್ನುತ್ತಿರುತ್ತವೆ.

ಹಾಗಾದರೆ ಹುಳು ತಿನ್ನುವುದನ್ನು ನಿಲ್ಲಿಸುವುದು ಯಾವಾಗ ಎಂಬುದೇ ಕೇಂದ್ರ ಪ್ರಶ್ನೆಯಾಗುತ್ತದೆ. ಇದಕ್ಕೆ ಒಂದು ಮುಖ್ಯ ಸುಳಿವು ಸಿಕ್ಕಿದ್ದು ರೇಷ್ಮೆಹುಳುವಿನಲ್ಲೇ. 1938ರಲ್ಲಿ ಫ್ರಾನ್ಸಿನ ಬುನ್ಯೋಲ್ ಎಂಬ ಸಂಶೋಧಕ ಎಳೆಯ ಹುಳುಗಳ ತಲೆಯಿಂದ ಕಾರ್ಪೋರಾ ಅಲಾಟಾ ಎಂಬ ಪುಟ್ಟ ಗ್ರಂಥಿಗಳನ್ನು ತೆಗೆದುಹಾಕಿದ. ಹುಳುಗಳು ಇನ್ನುಳಿದ ಜ್ವರಗಳನ್ನು ಕಾಯದೆ ಗೂಡು ಕಟ್ಟಿ ಕುಬ್ಜ ಪ್ಯೂಪಾಗಳಾದವು. ಆ ಗ್ರಂಥಿ ಸ್ರವಿಸುವ ಜುವನೈಲ್ ಹಾರ್ಮೋನ್ ಇರುವವರೆಗೆ ಹುಳು ಹುಳುವಾಗಿಯೇ ಉಳಿಯುತ್ತದೆ, ಅದು ಇಳಿದರೆ ತಿನ್ನುವ ಕಾಲ ಮುಗಿಯಿತು.

ಅದು ಇಳಿಯುವ ಹೊತ್ತನ್ನು ನಿರ್ಧರಿಸುವುದು ಯಾವುದು? 1974ರಲ್ಲಿ ಫ್ರೆಡ್ ನೈಹೌಟ್ ಮತ್ತು ಕ್ಯಾರೊಲ್ ವಿಲಿಯಮ್ಸ್ ಇದನ್ನು ತಂಬಾಕಿನ ಎಲೆ ತಿನ್ನುವ ಮ್ಯಾಂಡುಕಾ ಸೆಕ್ಸ್ಟಾ ಎಂಬ ಅಮೆರಿಕದ ಪತಂಗದ ಹುಳುವಿನಲ್ಲಿ ಬಿಡಿಸಿಟ್ಟರು. ಬೇರೆಬೇರೆ ತೂಕ ಮುಟ್ಟಿದ ಹುಳುಗಳಿಗೆ ಮೇವು ನಿಲ್ಲಿಸಿ ನೋಡಿದಾಗ ಒಂದು ನಿರ್ಣಾಯಕ ತೂಕ ಗೋಚರಿಸಿತು. ಅದಕ್ಕಿಂತ ಕೆಳಗಿರುವ ಹುಳು ಉಪವಾಸ ಬಿದ್ದರೆ ಪ್ಯೂಪಾ ಆಗುವುದು ತಡವಾಗುತ್ತದೆ. ಅದನ್ನು ದಾಟಿದ ಹುಳು ಉಪವಾಸವಿದ್ದರೂ ತನ್ನ ವೇಳೆಗೇ ಪ್ಯೂಪಾ ಆಗುತ್ತದೆ. ಆ ತೂಕ ಮುಟ್ಟಿದಾಗ ಜುವನೈಲ್ ಹಾರ್ಮೋನಿನ ಸ್ರಾವ ನಿಲ್ಲುತ್ತದೆ, ರಕ್ತದಲ್ಲಿ ಉಳಿದಿರುವುದು ಕರಗುತ್ತದೆ, ಅನಂತರ ಮೆದುಳಿನಿಂದ ಪಿಟಿಟಿಎಚ್ ಹಾರ್ಮೋನ್ ಹೊರಡುತ್ತದೆ. ಅದು ಪೊರೆ ಕಳಚಿಸುವ ಎಕ್ಡೈಸೋನ್ ಹಾರ್ಮೋನನ್ನು ಬಿಡುಗಡೆ ಮಾಡಿಸಿದ ಮೇಲೆ ಬಾಯಿ ನಿಲ್ಲುತ್ತದೆ. ಮ್ಯಾಂಡುಕಾದಲ್ಲಿ ಪಿಟಿಟಿಎಚ್ ಹೊರಡುವುದು ದಿನದ ಗೊತ್ತಾದ ವೇಳೆಯಲ್ಲಿ ಮಾತ್ರ. ಸ್ವಲ್ಪದರಲ್ಲಿ ಆ ವೇಳೆ ತಪ್ಪಿಸಿಕೊಂಡ ಹುಳು ಮರುದಿನದವರೆಗೆ ತಿನ್ನುತ್ತಲೇ ಇರುತ್ತದೆ. ನಿರ್ಣಾಯಕ ತೂಕದಿಂದ ತಿನ್ನುವುದು ನಿಲ್ಲುವವರೆಗಿನ ಈ ಅವಧಿಯಲ್ಲಿ ಹುಳುವಿನ ತೂಕ ಇಮ್ಮಡಿಯ ಹತ್ತಿರಕ್ಕೆ ಹೋಗುತ್ತದೆ. ಕೆಲವೇ ಗಂಟೆಗಳ ವ್ಯತ್ಯಾಸಕ್ಕೆ ಇಷ್ಟು ಬೆಲೆ ಇರುವುದು ಇದರಿಂದ.

ಇದನ್ನು ತಿಳಿದ ಮೇಲೆ ಗಾತ್ರಭೇದ ಹುಟ್ಟಬಹುದಾದ ತಾವುಗಳನ್ನು ಹೆಸರಿಸಬಹುದು. ಹೆಣ್ಣಿನ ನಿರ್ಣಾಯಕ ತೂಕವೇ ಹೆಚ್ಚಿರಬಹುದು. ಅದನ್ನು ದಾಟಿದ ಮೇಲೆ ಅದು ಹೆಚ್ಚು ಹೊತ್ತು ತಿನ್ನಬಹುದು. ಅಥವಾ ಅದೇ ಹೊತ್ತಿನಲ್ಲಿ ಹೆಚ್ಚು ವೇಗವಾಗಿ ಬೆಳೆಯಬಹುದು. ಇನ್ನು ಕೆಲವು ಪ್ರಭೇದಗಳಲ್ಲಿ ಹೆಣ್ಣು ಒಂದು ಜ್ವರವನ್ನೇ ಹೆಚ್ಚಿಗೆ ಸೇರಿಸಿಕೊಳ್ಳುತ್ತದೆ: ಯೂರೋಪಿನ ಜಿಪ್ಸಿ ಪತಂಗದಲ್ಲಿ ಸಾಮಾನ್ಯವಾಗಿ ಗಂಡಿಗೆ ಐದು ಹಂತ, ಹೆಣ್ಣಿಗೆ ಆರು. ಅಂತರ ಬಹಳ ದೊಡ್ಡದಾಗಿರುವ ಕಡೆ ಈ ದಾರಿ ಮತ್ತೆಮತ್ತೆ ಕಾಣುತ್ತದೆ ಎಂದು ಎಸ್ಟೋನಿಯಾದ ಸಂಶೋಧಕರು 2007ರಲ್ಲಿ ತೋರಿಸಿದರು. ರೇಷ್ಮೆಹುಳುವಿನ ಸಾಮಾನ್ಯ ತಳಿಗಳಲ್ಲಿ ಎರಡಕ್ಕೂ ನಾಲ್ಕೇ ಜ್ವರ, ಆದ್ದರಿಂದ ಇಲ್ಲಿ ಆ ದಾರಿ ಮುಚ್ಚಿದೆ.

ಹೆಣ್ಣು ದೊಡ್ಡದಾಗಲು ಹೆಚ್ಚು ಕಾಲ ಬೇಕೇಬೇಕು ಎಂದು ಭಾವಿಸುವುದು ಸುಲಭ. ಹಣ್ಣಿನ ನೊಣ ಡ್ರೊಸೋಫಿಲಾ ಆ ಭಾವನೆಯನ್ನು ಒಡೆಯುತ್ತದೆ. ಅದರ ಹೆಣ್ಣು ಗಂಡಿಗಿಂತ ಸ್ಪಷ್ಟವಾಗಿ ದೊಡ್ಡದು, ಆದರೂ ಪ್ಯೂಪಾದಿಂದ ಮೊದಲು ಹೊರಬರುವುದು ಅದೇ. ಅಲೆಕ್ಸಾಂಡರ್ ಶಿಂಗಲ್ಟನ್ ತಂಡ 2013ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಅಂತರದ ಮೂಲ ನಿರ್ಣಾಯಕ ಗಾತ್ರದಲ್ಲಿ ಮತ್ತು ಬೆಳೆಯುವ ವೇಗದಲ್ಲಿತ್ತು. ಅದಕ್ಕೆ ಇನ್ನೊಂದು ಅಂಶವೂ ಸೇರಿತ್ತು, ಪ್ಯೂಪಾ ಆಗುವ ಮುನ್ನ ಹುಳು ಕಳೆದುಕೊಳ್ಳುವ ತೂಕ ಎರಡು ಲಿಂಗಗಳಲ್ಲಿ ಒಂದೇ ಅಲ್ಲ. ಈ ಕೊನೆಯ ಅಂಶವನ್ನು ಹಳಬರು ಹೆಚ್ಚಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ರೇಷ್ಮೆಹುಳು ಗೂಡು ಕಟ್ಟುವ ಮುನ್ನ ಹೊಟ್ಟೆ ಖಾಲಿ ಮಾಡಿ, ಅನಂತರ ರೇಷ್ಮೆಯನ್ನೂ ಹೊರಹಾಕಿ ತೂಕ ಕಳೆದುಕೊಳ್ಳುವುದರಿಂದ ನಮ್ಮ ಹುಳುವಿನಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ಕಾಲಕ್ಕೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಮತ್ತು ಸಂಗಡಿಗರು ಬೇಗ ಬೆಳೆಯುವ ನೊಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋದಾಗ ಸಿಕ್ಕಿದ್ದು ಚಿಕ್ಕ ನೊಣಗಳು.

ಲ್ಯಾಂಡೆ ಮುಂದಿಟ್ಟ ತೊಡಕಿಗೆ ನೇರ ಉತ್ತರ ಬಂದದ್ದು 2010ರಲ್ಲಿ. ಅರಿಜೋನಾ ವಿಶ್ವವಿದ್ಯಾಲಯದ ಕ್ರೇಗ್ ಸ್ಟಿಲ್ವೆಲ್ ಮತ್ತು ಗೊಗ್ಗಿ ಡೇವಿಡೊವಿಟ್ಜ್ ಮ್ಯಾಂಡುಕಾದ ಕುಟುಂಬಗಳನ್ನು ಸಾಕಿ, ಅಂತಿಮ ಗಾತ್ರವನ್ನಷ್ಟೇ ಅಲ್ಲ, ಅದನ್ನು ಉಂಟುಮಾಡುವ ಅಂಶಗಳನ್ನೂ (ನಿರ್ಣಾಯಕ ತೂಕ, ಅದರ ನಂತರದ ಅವಧಿ, ಬೆಳವಣಿಗೆಯ ವೇಗ) ಹೆಣ್ಣು ಗಂಡುಗಳಲ್ಲಿ ಬೇರೆಬೇರೆಯಾಗಿ ಅಳೆದರು. ಈ ಅಂಶಗಳ ವಂಶಪಾರಂಪರ್ಯದ ಪ್ರಮಾಣವೂ, ಅವುಗಳ ನಡುವಿನ ವಂಶಗತ ನಂಟೂ ಎರಡು ಲಿಂಗಗಳಲ್ಲಿ ಬೇರೆಯಾಗಿದ್ದವು. ನನ್ನ ಎಣಿಕೆಯಲ್ಲಿ ಈ ವಿಷಯದ ಅತ್ಯಂತ ಮುಖ್ಯ ಫಲಿತಾಂಶ ಇದು. ಗಾತ್ರ ಎಂಬುದನ್ನು ಒಂದೇ ಗುಣವಾಗಿ ನೋಡಿದಾಗ ಗಂಡು–ಹೆಣ್ಣು ಬಿಗಿಯಾಗಿ ಕಟ್ಟಿಹಾಕಿಕೊಂಡಂತೆ ತೋರುತ್ತವೆ. ಅದನ್ನು ಕಟ್ಟುವ ಕ್ರಿಯೆಗಳನ್ನು ಬಿಡಿಸಿದಾಗ ಆಯ್ಕೆಗೆ ಒಂದು ಲಿಂಗವನ್ನು ಮಾತ್ರ ಹಿಡಿದು ಎಳೆಯಲು ಎಡೆ ಸಿಗುತ್ತದೆ.

ಇನ್ನು, ‘ನಾನು ಹೆಣ್ಣು’ ಎಂಬ ಮಾಹಿತಿ ಬೆಳವಣಿಗೆಯ ಯಂತ್ರಕ್ಕೆ ತಲುಪುವುದು ಹೇಗೆ? ರೇಷ್ಮೆಹುಳುವಿನಲ್ಲಿ ಗಂಡಿಗೆ ಎರಡು ಝಡ್ ವರ್ಣತಂತುಗಳು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಡಬ್ಲ್ಯು ಇದ್ದರೆ ಹೆಣ್ಣು ಎಂಬುದು ಮೊದಲೇ ಗೊತ್ತಿತ್ತು. ಅದರಲ್ಲಿ ಏನಿದೆ ಎಂದು ಟೋಕಿಯೊ ವಿಶ್ವವಿದ್ಯಾಲಯದ ಕಿಯುಚಿ, ಕತ್ಸುಮಾ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಯಾವ ಪ್ರೋಟೀನನ್ನೂ ಕಟ್ಟದ ಅತಿ ಚಿಕ್ಕ ಆರ್‌ಎನ್‌ಎ ತುಣುಕೊಂದು ಅಲ್ಲಿಂದ ಹೊರಟು, ಝಡ್ ಮೇಲಿರುವ ಗಂಡುತನದ ವಂಶವಾಹಿಯನ್ನು ಮೌನಗೊಳಿಸುತ್ತದೆ. ಕೀಟಗಳಲ್ಲಿ ಈ ನಿರ್ಧಾರ ಒಂದೊಂದು ಜೀವಕೋಶದ ಒಳಗೇ ನಡೆಯುತ್ತದೆ. ನಮ್ಮಲ್ಲಿರುವಂತೆ ರಕ್ತದಲ್ಲಿ ಹರಿದು ಇಡೀ ಮೈಗೆ ಲಿಂಗ ಸಾರುವ ಹಾರ್ಮೋನಿನ ಪಾರುಪತ್ಯ ಅಲ್ಲಿಲ್ಲ. ಅರ್ಧ ಮೈ ಹೆಣ್ಣು, ಅರ್ಧ ಮೈ ಗಂಡು ಆಗಿರುವ ಚಿಟ್ಟೆಗಳು ಆಗೀಗ ಹುಟ್ಟುವುದು ಈ ಕಾರಣಕ್ಕೆ.

ಹಾಗಿದ್ದರೂ ಗಾತ್ರ ಇಡೀ ಮೈಗೆ ಸೇರಿದ್ದು. ಜೀವಕೋಶದ ಲಿಂಗಕ್ಕೂ ಇಡೀ ಮೈಯ ಗಾತ್ರಕ್ಕೂ ನಡುವಿನ ಕೊಂಡಿಯನ್ನು ಹಣ್ಣಿನ ನೊಣದಲ್ಲಿ ಎರಡು ತಂಡಗಳು ಹುಡುಕಿದವು. 2015ರಲ್ಲಿ ಎಲಿಜಬೆತ್ ರೈಡೌಟ್ ಮತ್ತು ಸವ್ರಾಜ್ ಗ್ರೇವಾಲ್ ತಂಡ, ಹೆಣ್ಣುತನ ಸಾರುವ ಟ್ರಾನ್ಸ್‌ಫಾರ್ಮರ್ ವಂಶವಾಹಿ ಕೊಬ್ಬಿನ ಅಂಗದಲ್ಲಿ ಕೆಲಸ ಮಾಡುವುದರಿಂದ ಮೆದುಳಿನ ಇನ್ಸುಲಿನ್ ಮಾದರಿಯ ಹಾರ್ಮೋನಿನ ಸ್ರಾವ ಹೆಚ್ಚುತ್ತದೆ ಎಂದು ತೋರಿಸಿತು. 2017ರಲ್ಲಿ ಸವಾಲಾ ಮತ್ತು ಗೌಲ್ಡ್, ಆ ಇನ್ಸುಲಿನ್ ತಯಾರಿಸುವ ನರಕೋಶಗಳನ್ನೂ ಒಳಗೊಂಡು ಮೆದುಳಿನ ಕೆಲವೇ ನರಕೋಶಗಳ ಲಿಂಗ ಇಡೀ ಹುಳುವಿನ ಬೆಳವಣಿಗೆಯನ್ನು ಆಳುತ್ತದೆ ಎಂದು ತೋರಿಸಿದರು. ಎಲ್ಲ ಜೀವಕೋಶಗಳಿಗೂ ಲಿಂಗವಿದೆ. ಗಾತ್ರದ ವಿಷಯದಲ್ಲಿ ಕೆಲವಕ್ಕೆ ಮಾತ್ರ ಅಧಿಕಾರವಿದೆ. ಕೀಟಗಳಲ್ಲಿ ಇನ್ಸುಲಿನ್ ಮಾದರಿಯ ಹಾರ್ಮೋನ್ ಮೊದಲು ಶುದ್ಧರೂಪದಲ್ಲಿ ಸಿಕ್ಕಿದ್ದೂ ರೇಷ್ಮೆಚಿಟ್ಟೆಯಲ್ಲಿಯೇ: 1980ರ ದಶಕದಲ್ಲಿ ಜಪಾನಿನಲ್ಲಿ, ಲಕ್ಷಗಟ್ಟಲೆ ಚಿಟ್ಟೆಗಳ ತಲೆಗಳಿಂದ. ಅದಕ್ಕೆ ಬಾಂಬಿಕ್ಸಿನ್ ಎಂದೇ ಹೆಸರು.

ಹೆಣ್ಣು ಹೆಚ್ಚಿಗೆ ತಿಂದದ್ದು ಹೋಗುವುದೆಲ್ಲಿಗೆ ಎಂಬುದಕ್ಕೂ ಉತ್ತರವಿದೆ. ರೇಷ್ಮೆಹುಳುವಿನ ಕೊಬ್ಬಿನ ಅಂಗ ಎಸ್‌ಪಿ 1 ಎಂಬ ದಾಸ್ತಾನು ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ನಾಲ್ಕನೇ ಜ್ವರದವರೆಗೆ ಅದು ಎರಡು ಲಿಂಗಗಳಲ್ಲೂ ಕಾಣುತ್ತದೆ. ಜ್ವರ ಎದ್ದ ಮೇಲೆ ಗಂಡಿನಲ್ಲಿ ಇಳಿದುಹೋಗುತ್ತದೆ, ಹೆಣ್ಣಿನಲ್ಲಿ ರಾಶಿಗೂಡುತ್ತದೆ. ಮುಂದೆ ಪ್ಯೂಪಾದೊಳಗೆ ಮೊಟ್ಟೆಗಳು ಬಲಿಯುವಾಗ ಈ ದಾಸ್ತಾನು ಕರಗಿ ಬಳಕೆಗೆ ಬರುತ್ತದೆ. ಗಂಡು ಹುಳು ಇದಾವುದನ್ನೂ ಕೂಡಿಡದೆ ತನ್ನ ಪಾಲಿನಲ್ಲಿ ಹೆಣ್ಣಿಗಿಂತ ಹೆಚ್ಚು ಭಾಗವನ್ನು ರೇಷ್ಮೆಗೆ ಹಾಕುತ್ತದೆ. ತಿಂದ ಸೊಪ್ಪಿನ ಲೆಕ್ಕದಲ್ಲಿ ಗಂಡೇ ಹೆಚ್ಚು ರೇಷ್ಮೆ ಕೊಡುವುದರಿಂದ ಗಂಡುಗಳನ್ನಷ್ಟೇ ಸಾಕುವ ಯೋಚನೆ ಹುಟ್ಟಿತು. ಹೆಣ್ಣು ಭ್ರೂಣಗಳು ಮೊಟ್ಟೆಯಲ್ಲೇ ನಶಿಸುವಂತೆ ಝಡ್ ಮೇಲೆ ಮಾರಕ ವಂಶವಾಹಿಗಳನ್ನು ಜೋಡಿಸಿದ ತಳಿಗಳನ್ನು ಸೋವಿಯತ್ ವಿಜ್ಞಾನಿ ವ್ಲಾದಿಮಿರ್ ಸ್ತ್ರುನ್ನಿಕೋವ್ ಬೆಳೆಸಿದ್ದು ಈ ಉದ್ದೇಶಕ್ಕೇ.

ಬಿತ್ತನೆ ಕೋಠಿಗಳಿಗೆ ನೇರವಾಗಿ ತಟ್ಟುವ ಮಾತು ಈಗ ಬರುತ್ತದೆ. ಗಾತ್ರಭೇದ ತಳಿಗೆ ಅಂಟಿಕೊಂಡ ಸ್ಥಿರ ಸಂಖ್ಯೆಯಲ್ಲ. ಟಾರ್ಟು ವಿಶ್ವವಿದ್ಯಾಲಯದ ಟೀಟ್ ಟೆಡರ್ ಮತ್ತು ಟೂಮಸ್ ತಮ್ಮಾರು 2005ರಲ್ಲಿ ಹಲವು ಕೀಟಗಳ ಮಾಹಿತಿ ಹೋಲಿಸಿ, ಒಂದೇ ಪ್ರಭೇದದೊಳಗೆ ಮೈ ಚೆನ್ನಾಗಿ ಬೆಳೆದ ಕಡೆ ಹೆಣ್ಣು–ಗಂಡಿನ ಅಂತರ ಹಿಗ್ಗುತ್ತದೆ, ಮೇವು ಕೆಟ್ಟ ಕಡೆ ಕುಗ್ಗುತ್ತದೆ ಎಂದು ತೋರಿಸಿದರು. ಕೊರತೆಯ ಪೆಟ್ಟು ದೊಡ್ಡ ಲಿಂಗಕ್ಕೇ ಹೆಚ್ಚು. ಮ್ಯಾಂಡುಕಾದಲ್ಲೂ ಮೇವಿನ ಗುಣ ಬದಲಾದಾಗ ಎರಡು ಲಿಂಗಗಳು ಒಂದೇ ಅಳತೆಯಲ್ಲಿ ಪ್ರತಿಕ್ರಿಯಿಸುವುದಿಲ್ಲ. ತೂಕದಿಂದ ಲಿಂಗ ಬೇರ್ಪಡಿಸುವ ಪದ್ಧತಿ ನಿಂತಿರುವುದು ಎರಡು ತೂಕಗಳ ನಡುವಿನ ಅಂತರದ ಮೇಲೆ. ಸೊಪ್ಪು ಸೊರಗಿದ ಬೇಸಿಗೆಯ ಬೆಳೆಯಲ್ಲಿ ಆ ಅಂತರವೇ ಕಿರಿದಾದರೆ ದಪ್ಪ ಗಂಡು, ಸಣ್ಣ ಹೆಣ್ಣುಗಳ ಗೂಡುಗಳು ಒಂದೇ ಗುಂಪಿಗೆ ಬೀಳುತ್ತವೆ. ಆದ್ದರಿಂದ ಒಂದು ಬೆಳೆಗೆ ಗೊತ್ತುಮಾಡಿದ ಗಡಿತೂಕವನ್ನು ಮುಂದಿನ ಬೆಳೆಗೂ ಹಾಗೆಯೇ ಬಳಸುವುದು ಸರಿಯಲ್ಲ. ಪ್ರತಿ ತಂಡದಿಂದ ಕೆಲವು ಗೂಡು ಕೊಯ್ದು, ಪ್ಯೂಪಾ ನೋಡಿ, ಆ ತಂಡದ ಗಡಿಯನ್ನು ಹೊಸದಾಗಿ ನಿಗದಿ ಮಾಡಬೇಕು. ತಳಿಯ ಗಾತ್ರಭೇದವನ್ನು ವರದಿ ಮಾಡುವ ಲೇಖನಗಳಲ್ಲೂ ಋತು, ಸೊಪ್ಪಿನ ತಳಿ, ತಟ್ಟೆಯ ಸಾಂದ್ರತೆ ನಮೂದಾಗದಿದ್ದರೆ ಕೊಟ್ಟ ಸಂಖ್ಯೆಯನ್ನು ಹೋಲಿಕೆಗೆ ಬಳಸಲಾಗದು.

ಮುಂದಿನ ಕೆಲಸಕ್ಕೆ ನಮ್ಮಲ್ಲಿ ಸಲಕರಣೆಯ ಕೊರತೆಯಿಲ್ಲ. ಕುಣಿಗಲ್, ಮಾಗಡಿಯ ಬಿತ್ತನೆ ಪ್ರದೇಶದಲ್ಲಿ ಇಂದಿಗೂ ಸಾಕುವ ಮೈಸೂರು ತಳಿ ಸಣ್ಣ ಮೈಯದು. ಸಿಎಸ್‌ಆರ್‌ 2 ದೊಡ್ಡ ಮೈಯದು. ಒಂದೇ ಕೋಣೆಯಲ್ಲಿ, ಒಂದೇ ತೋಟದ ಸೊಪ್ಪಿನಲ್ಲಿ ಎರಡನ್ನೂ ಸಾಕಬೇಕು. ನಾಲ್ಕನೇ ಜ್ವರ ಎದ್ದ ಹುಳುಗಳನ್ನು ಚುಕ್ಕೆ ನೋಡಿ ಹೆಣ್ಣು–ಗಂಡು ಬೇರ್ಪಡಿಸಿ, ಒಂದೊಂದನ್ನೂ ಬೇರೆ ಡಬ್ಬಿಯಲ್ಲಿಟ್ಟು, ಬೆಳಗ್ಗೆ ಸಂಜೆ ಮಿಲಿಗ್ರಾಂ ತಕ್ಕಡಿಯಲ್ಲಿ ತೂಗಬೇಕು. ಪ್ರತಿ ತೂಕದ ಹಂತದಲ್ಲಿ ಕೆಲವಕ್ಕೆ ಸೊಪ್ಪು ನಿಲ್ಲಿಸಿ, ಗೂಡು ಕಟ್ಟಲು ಹಿಡಿಯುವ ಗಂಟೆಗಳನ್ನು ಎಣಿಸಿದರೆ ಎರಡು ತಳಿಗಳ, ಎರಡು ಲಿಂಗಗಳ ನಿರ್ಣಾಯಕ ತೂಕ ಕೈಗೆ ಬರುತ್ತದೆ. ಹೊಟ್ಟೆ ಖಾಲಿ ಮಾಡಿದ ಮೇಲಿನ ತೂಕವನ್ನೂ, ಸಿಪ್ಪೆ ಮತ್ತು ಪ್ಯೂಪಾದ ತೂಕವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಅಂತರ ನಿರ್ಣಾಯಕ ತೂಕದಲ್ಲೇ ಕಂಡರೆ ಅದನ್ನು ಹಿಗ್ಗಿಸಲು ತಳಿ ಆಯ್ಕೆಯೇ ಮುಖ್ಯ ದಾರಿ. ಅದರ ನಂತರದ ಗಂಟೆಗಳಲ್ಲಿ ಕಂಡರೆ, ಐದನೇ ಹಂತದ ಕೊನೆಯ ಎರಡು ದಿನ ಸೊಪ್ಪು ಹಾಕುವ ವೇಳೆ ಮತ್ತು ಪ್ರಮಾಣವನ್ನು ಬದಲಿಸಿಯೇ ಬಿತ್ತನೆ ಬೆಳೆಗಾರ ಹೆಣ್ಣು ಗೂಡಿನ ತೂಕವನ್ನೂ ಅದರ ಮೊಟ್ಟೆಗಳ ಸಂಖ್ಯೆಯನ್ನೂ ಏರಿಸಿಕೊಳ್ಳಬಹುದು.